ಬೋಳು ಅಕ್ಷರ

ದ್ರೆನಾರಿನ ಶಾಲೆ ಉಳಿಯಬೇಕಾದರೆ ಎಂಟು ಮಕ್ಕಳಿರಬೇಕಿತ್ತು. ಸ್ಮಿಲ್ಯಾ ಅಲ್ಲಿಗೆ ತರಬೇತಿ ಶಿಕ್ಷಕಿಯಾಗಿ ಬಂದ ವರ್ಷ ಇದ್ದದ್ದೂ ಎಂಟೇ. ಮೂರು ತರಗತಿ, ಒಂದೇ ಕೋಣೆ, ನಡುವೆ ಒಂದು ಸೌದೆ ಒಲೆ. ಪ್ರತಿ ಜೂನ್‌ನಲ್ಲಿ ನಗರಸಭೆಯ ಒಬ್ಬರು ಬಂದು ತಲೆ ಎಣಿಸಿಕೊಂಡು ಹೋಗುತ್ತಿದ್ದರು. ಏಳಾದರೆ ಬೀಗ. ಬೀಗ ಬಿದ್ದರೆ ಮಕ್ಕಳಿಗೆ ಪಟ್ಟಣದ ಬಸ್ಸಾದರೂ ಇತ್ತು. ಸ್ಮಿಲ್ಯಾಳಿಗೆ ಏನೂ ಇರಲಿಲ್ಲ. ಶಿಕ್ಷಕರ ಪರವಾನಗಿ ಪರೀಕ್ಷೆ ಇರುವುದು ಶರತ್ಕಾಲದಲ್ಲಿ. ಅಲ್ಲಿಯವರೆಗೂ ಕೆಲಸದಲ್ಲಿದ್ದವರಿಗೆ ಮಾತ್ರ ಅದಕ್ಕೆ ಕೂರಲು ಬಿಡುತ್ತಾರೆ. ಕಾಲೇಜು ಮುಗಿಸಿ ಉದ್ಯೋಗ ಕಚೇರಿಗೆ ವರ್ಷಗಟ್ಟಲೆ ಅಲೆದ ಮೇಲೆ ಅವಳಿಗೆ ಸಿಕ್ಕ ಮೊದಲ ತರಗತಿ ಇದು.

ನಾನು ಕೆಳಗಿನ ಪಟ್ಟಣದ ದೊಡ್ಡ ಶಾಲೆಯಲ್ಲಿ ರಸಾಯನಶಾಸ್ತ್ರ ಹೇಳುತ್ತೇನೆ. ಮನೆ ಇರುವುದು ದ್ರೆನಾರ್ ದಾಟಿ ಮುಂದಿನ ಊರಿನಲ್ಲಿ. ಕಂಪ್ಯೂಟರ್ ಕೆಟ್ಟರೆ ನೋಡುವವರು ಬೇರೆ ಯಾರೂ ಇಲ್ಲದ್ದರಿಂದ ಗುಡ್ಡದ ಮೇಲಿನ ಸಣ್ಣ ಶಾಲೆಗಳ ಯಂತ್ರಗಳೂ ನನ್ನ ಪಾಲಿಗೆ ಬಂದಿದ್ದವು. ಸ್ಮಿಲ್ಯಾಳ ಪರಿಚಯವಾದದ್ದು ಹಾಗೆ.

ಅವಳು ಶಾಲೆಯ ಮಹಡಿಯಲ್ಲೇ ಇದ್ದಳು. ಹಿಂದೆ ಶಿಕ್ಷಕರ ಸಂಸಾರಕ್ಕೆಂದೇ ಕಟ್ಟಿದ ಮನೆ ಅದು: ಅಡುಗೆಮನೆ, ಮೂರು ಕೋಣೆ. ಅವಳಿಗೆ ಒಂದು ಸಾಕಾಗಿತ್ತು. ಉಳಿದೆರಡರಲ್ಲಿ ಹರಿದ ಭೂಪಟಗಳು, ಕಾಲು ಮುರಿದ ಬೆಂಚುಗಳು, ಈಗ ಇಲ್ಲದ ದೇಶವೊಂದರ ಬಾವುಟಗಳು ಧೂಳು ತಿನ್ನುತ್ತಿದ್ದವು.

ಹಾಗೆ ನೋಡಿದರೆ ದ್ರೆನಾರಿನಲ್ಲಿ ಮನೆಗಳಿಗೆ ಬರವಿಲ್ಲ. ರಸ್ತೆಯ ಎರಡೂ ಬದಿಗೆ ಮೂರು ಮೂರು ಅಂತಸ್ತಿನ ಮನೆಗಳಿವೆ, ಗೇಟಿನ ಕಂಬಗಳ ಮೇಲೆ ಸುಣ್ಣದ ಸಿಂಹಗಳಿವೆ. ಒಡೆಯರೆಲ್ಲ ದುಡಿಯಲು ಹೋಗಿ ವಿಯೆನ್ನಾದಲ್ಲಿ. ಆಗಸ್ಟ್‌ನಲ್ಲಿ ಬರುತ್ತಾರೆ, ಮದುವೆ ಮಾಡುತ್ತಾರೆ, ಹಂದಿ ಸುಡುತ್ತಾರೆ, ಕಿಟಕಿಯ ಪರದೆ ಇಳಿಸಿ ಹೊರಟುಹೋಗುತ್ತಾರೆ. ಉಳಿದ ಹನ್ನೊಂದು ತಿಂಗಳು ಸಿಂಹಗಳು ಊರು ಕಾಯುತ್ತವೆ.

ಆ ವರ್ಷ ದಾನಿ ಸಂಸ್ಥೆಯೊಂದು ಶಾಲೆಗೆ ಎಂಟು ಟ್ಯಾಬ್ಲೆಟ್ ಕೊಟ್ಟಿತು. ಹೊರದೇಶದಿಂದ ಬಂದವು. ಕೀಲಿಮಣೆಯಲ್ಲಿ ಇಂಗ್ಲಿಷ್ ಅಕ್ಷರಗಳು ಮಾತ್ರ. ನಮ್ಮ ಭಾಷೆ ಬರೆಯುವ ಎರಡು ಲಿಪಿಗಳಲ್ಲಿ ಒಂದಾದ ಸಿರಿಲಿಕ್ ಇರಲಿಲ್ಲ. ಎರಡನೆಯದಾದ ಲ್ಯಾಟಿನ್‌ನಲ್ಲಿ ಬರೆಯೋಣವೆಂದರೆ ಅಕ್ಷರದ ಮೇಲೆ ನಾವು ಹಾಕುವ ಗೀಟುಗಳೂ ಇರಲಿಲ್ಲ. ಅವನ್ನು ಸೇರಿಸುವುದು ಐದು ನಿಮಿಷದ ಕೆಲಸ. ಆದರೆ ಯಂತ್ರಕ್ಕೆ ಗುಪ್ತಪದ ಹಾಕಿದ್ದರು. ಕೊಡಿ ಎಂದು ಕೇಳಿದೆವು. ಕಳಿಸುತ್ತೇವೆ ಎಂದರು.

ಗೀಟು ಬಿಟ್ಟು ಬರೆಯುವುದಕ್ಕೆ ನಮ್ಮಲ್ಲಿ ‘ಬೋಳಿಸಿದ ಅಕ್ಷರ’ ಎನ್ನುತ್ತಾರೆ, ಕ್ಷೌರದಂಗಡಿಯಿಂದ ಎದ್ದುಬಂದ ಹಾಗೆ. ಫೋನಿನಲ್ಲಿ ಎಲ್ಲರೂ ಬರೆಯುವುದು ಹಾಗೆಯೇ. ಆದರೆ ಪಟ್ಟಣದ ಶಾಲೆಯಿಂದ ಬಂದುಹೋಗುತ್ತ ಸ್ಮಿಲ್ಯಾಳಿಗೆ ಮಾರ್ಗದರ್ಶಿಯಾಗಿದ್ದ ರಾದೊಯ್ಕಾ ಮೇಡಂ ಅದನ್ನು ಶಾಲೆಯೊಳಗೆ ಬಿಟ್ಟುಕೊಳ್ಳುವವರಲ್ಲ. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದ ಕೈ. ಮೊದಲ ದಿನವೇ ಒಂದು ಟ್ಯಾಬ್ಲೆಟ್ ಎತ್ತಿಕೊಂಡು ಕಣ್ಣಿನ ಹತ್ತಿರ ಹಿಡಿದರು.

“ಚ ಇಲ್ಲ, ಶ ಇಲ್ಲ, ಝ ಇಲ್ಲ. ನಮ್ಮ ಭಾಷೇಲಿ ಇನ್ನೇನಮ್ಮ ಉಳೀತು, ಮೂಳೆನಾ?”

“ಗುಪ್ತಪದ ಬರೋವರೆಗೂ ಅಷ್ಟೇ ಮೇಡಂ. ಮಕ್ಕಳು ಫೋನಲ್ಲೂ ಹೀಗೇ ಬರೆಯೋದು. ಅರ್ಥ ಆಗುತ್ತೆ.”

“ಅರ್ಥ ಆಗುತ್ತೆ! ಈ ಓಗ್ನೆನ್ ಏನು ಬರೆದಿದಾನೆ ಓದು ಜೋರಾಗಿ.”

ಸ್ಮಿಲ್ಯಾ ಓದಿದಳು. “ನನಗೆ ಮೇಕೆ ಕೆರೀತಿದೆ.”

ಎರಡನೆಯ ತರಗತಿಯ ಓಗ್ನೆನ್ ಎದ್ದು ನಿಂತು ಅಂಗಿಯ ತೋಳು ಮಡಿಸಿ ಗಂಧೆಗಳನ್ನು ತೋರಿಸಿದ. “ಚರ್ಮ ಮೇಡಂ, ಚರ್ಮ! ಮೇಕೆ ಯಾಕೆ ಕೆರೆಯುತ್ತೆ?”

ಕೋಝಾ ಅಂದರೆ ಚರ್ಮ, ಕೋಜ಼ಾ ಅಂದರೆ ಮೇಕೆ. ಬರವಣಿಗೆಯಲ್ಲಿ ಎರಡಕ್ಕೂ ನಡುವೆ ಇರುವುದು ಒಂದು ಗೀಟು. ಒಂದು ವಾರ ಓಗ್ನೆನ್‌ನನ್ನು ಕಂಡವರೆಲ್ಲ ‘ಮೇಕೆ ಹೇಗಿದೆಯೋ’ ಎಂದು ಕೇಳಿದರು. ರಾದೊಯ್ಕಾ ಮೇಡಂ ಕೂಡ ನಕ್ಕುಬಿಟ್ಟರು. ನಕ್ಕಮೇಲೆ ಆ ವಿಷಯ ಅಲ್ಲಿಗೇ ನಿಂತಿತು.

ಎಂಟು ಮಕ್ಕಳಲ್ಲಿ ಲೆಂಕಾ ಮೂರನೆಯ ತರಗತಿಯವಳು. ದುಂಡಗೆ ಬರೆಯುವ, ಗೀಟು ಚುಕ್ಕೆ ಎಂದೂ ಮರೆಯದ ಹುಡುಗಿ. ತಾಯಿ ಇಲ್ಲ. ತಂದೆ ಬೋಗೊಸಾವ್ ಕಾಡಿನಲ್ಲಿ ಸೌದೆ ಕಡಿಯುವವನು. ಹಿಂದಿನ ವರ್ಷದ ಮಳೆಗೆ ಅವರ ಮನೆಯ ಕೆಳಗಿನ ಗುಡ್ಡ ಜಾರಿ, ಗೋಡೆ ಸೀಳಿ, ಎಂಜಿನಿಯರು ಬಂದು ವಾಸಕ್ಕೆ ತಕ್ಕದ್ದಲ್ಲವೆಂದು ಬಾಗಿಲಿಗೆ ಕೆಂಪು ಗುರುತು ಹಾಕಿ ಹೋಗಿದ್ದ. ತಂದೆ ಮಗಳು ಬೋಗೊಸಾವನ ಸೋದರತ್ತೆ ಯೆಲಿಕಾಳ ಮನೆಗೆ ಸಾಮಾನು ಸಾಗಿಸಿದರು. ಮೂರು ಅಂತಸ್ತು, ನಾಲ್ಕು ಸಿಂಹ. ‘ಗುಡ್ಡ ಜಾರಿದ್ದೇ ಒಳ್ಳೇದಾಯ್ತು, ಬೋಗೊಸಾವ್ ಅರಮನೆಗೇ ಹೋದ’ ಎಂದು ಊರಿನವರು ಆಡಿಕೊಂಡರು.

ಫೆಬ್ರವರಿಯಲ್ಲಿ ಲೆಂಕಾ ಮಾತು ನಿಲ್ಲಿಸಿದಳು. ಒಮ್ಮೆಲೇ ಅಲ್ಲ, ಒಲೆಗೆ ಸೌದೆ ಹಾಕುವುದನ್ನು ಮರೆತರೆ ಬೆಂಕಿ ಆರುವ ಹಾಗೆ. ಕೇಳಿದ್ದಕ್ಕೆ ಉತ್ತರ, ಆಮೇಲೆ ತಲೆಯಾಡಿಸುವುದು, ಆಮೇಲೆ ಅದೂ ಇಲ್ಲ. ಸ್ಮಿಲ್ಯಾ ಎರಡು ಸಲ ಯೆಲಿಕಾಳ ಗೇಟಿನವರೆಗೆ ಹೋಗಿಬಂದಳು. ಬೋಗೊಸಾವ್ ಗೇಟಿಗೇ ಬಂದು, “ಎಲ್ಲಾ ಸರಿ ಇದೆ ಟೀಚರ್, ಬೆಳೆಯೋ ಹುಡುಗಿ, ಹಾಗೇ” ಎಂದ. ಒಂದು ಬಾಟಲಿ ಪ್ಲಮ್ ಬ್ರಾಂದಿಯನ್ನೂ ಕೈಗಿಟ್ಟ.

“ಅವರು ಊರು ಬಿಡ್ತಾರೆ ಅನ್ನಿಸುತ್ತೆ ಸರ್” ಎಂದಳು ಸ್ಮಿಲ್ಯಾ ನನ್ನ ಹತ್ತಿರ, ಬಸ್ಸಿನಲ್ಲಿ. “ಮಕ್ಕಳು ಮೊದಲು ಮಾತು ಬಿಡ್ತಾರೆ, ಆಮೇಲೆ ಊರು. ಸಂಸಾರಗಳು ಊರು ಬಿಟ್ಟ ಕಡೆಯೆಲ್ಲ ಹೀಗೇ ಆಗಿದೆ ಅಂತಾರೆ.”

“ಕೇಳಿದ್ಯಾ ಅವಳನ್ನ?”

“ಕೇಳಿದ್ರೆ ಕಿಟಕಿ ನೋಡ್ತಾಳೆ. ಬಾಯಿಂದ ಬರದಿದ್ರೆ ಬೆರಳಿಂದ ಬರಬಹುದು. ನೋಡ್ತೀನಿ.”

ಹೀಗೆ ಅವಳ ಹುಡುಕಾಟ ಶುರುವಾಯಿತು. ಶಿಕ್ಷಕರಿಗಾಗಿ ಇರುವ ಆನ್‌ಲೈನ್ ತರಗತಿಗೆ ಸೇರಿದಳು. ನೆಟ್‌ವರ್ಕ್ ಸಿಗುತ್ತಿದ್ದದ್ದು ಮಹಡಿಯ ಖಾಲಿ ಕೋಣೆಯ ಕಿಟಕಿಯಲ್ಲಿ ಮಾತ್ರ. ಮುರಿದ ಬೆಂಚಿಗೆ ಭೂಪಟದ ಸುರುಳಿ ಊರುಗೋಲು ಕೊಟ್ಟು ಕೂರುತ್ತಿದ್ದಳು. ಪ್ರಯೋಗಶಾಲೆಯಲ್ಲಿ ನಾವು ಮಾಡುವ ಹಾಗೆಯೇ, ಒಂದೊಂದೇ ಸಾಧನವನ್ನು ತರಗತಿಗೆ ತಂದು ಯಾವ ಮಗುವಿಗೆ ಏನಾಯಿತೆಂದು ನೋಡಿದಳು. ಮೊದಲನೆಯದು ಸಂಗೀತ ಬಾರಿಸುವ ರಸಪ್ರಶ್ನೆ. ಚುರುಕಿನವರು ಕುಣಿದರು, ಲೆಂಕಾ ಟ್ಯಾಬ್ಲೆಟ್ ಮಗುಚಿ ಇಟ್ಟಳು. ಎರಡನೆಯದರಲ್ಲಿ ಒಂದು ಕರಡಿ ಇತ್ತು; ಮಗು ಹೇಳಿದ್ದನ್ನು ತನ್ನ ಬಾಯಲ್ಲಿ ತಿರುಗಿ ಹೇಳುತ್ತಿತ್ತು. ಎಲ್ಲರೂ ಕರಡಿಯಿಂದ ಬೈಸಿಕೊಂಡು ನಕ್ಕರು. ಲೆಂಕಾಳ ಕರಡಿ ಬಾಯಿ ತೆರೆದಾಗ ಕೇಳಿಸಿದ್ದು ಒಲೆಯಲ್ಲಿ ಸೌದೆ ಸಿಡಿಯುವ ಸದ್ದು ಮಾತ್ರ.

ಮೂರನೆಯದು ಗೋಡೆ. ಮಕ್ಕಳು ತಮ್ಮ ತಮ್ಮ ಯಂತ್ರದಲ್ಲಿ ಒಂದು ಸಾಲು ಬರೆದರೆ ಅದು ಬಣ್ಣದ ಚೀಟಿಯಾಗಿ ಪರದೆಯ ಮೇಲೆ ಬಂದು ಅಂಟುತ್ತದೆ. ಹೆಸರಿಲ್ಲ. ಯಾವ ಟ್ಯಾಬ್ಲೆಟ್‌ನಿಂದ ಬಂತೆಂಬುದು ಶಿಕ್ಷಕಿಯ ಯಂತ್ರದಲ್ಲಿ ಮಾತ್ರ ಕಾಣುತ್ತದೆ. “ಇದೇ ಸರ್” ಎಂದಳು. “ಹೆಸರಿಲ್ಲದಿದ್ರೆ ಅವಳು ಬರೀತಾಳೆ.”

ಬರೆದಳು. ಮಾರ್ಚ್ ಕೊನೆಯಲ್ಲಿ, ಸ್ಮಿಲ್ಯಾಳ ಪರೀಕ್ಷಾ ಪಾಠದ ದಿನ. ದ್ರೆನಾರಿನ ಶಾಲೆಯನ್ನೂ ನೋಡಿಕೊಳ್ಳುವ ಪಟ್ಟಣದ ಶಾಲೆಯ ಮುಖ್ಯೋಪಾಧ್ಯಾಯರು, ರಾದೊಯ್ಕಾ ಮೇಡಂ ಮತ್ತು ಅಲ್ಲಿನ ಆಪ್ತಸಮಾಲೋಚಕಿ ಹಿಂದಿನ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತಿದ್ದರು. ಪರದೆಯ ತಂತಿ ಹಿಡಿದುಕೊಂಡು ನಾನು ಬಾಗಿಲಲ್ಲಿದ್ದೆ. ಪಾಠ: ಅಗತ್ಯಗಳು ಮತ್ತು ಆಸೆಗಳು.

“ನಿಮ್ಮ ಹತ್ರ ಏನಿಲ್ಲ? ಒಂದೇ ಸಾಲು ಬರೀರಿ” ಎಂದಳು ಸ್ಮಿಲ್ಯಾ. “ಹೆಸರು ಬರಲ್ಲ, ಯಾರಿಗೂ ಗೊತ್ತಾಗಲ್ಲ.”

ಚೀಟಿಗಳು ಬಂದವು. ನನಗೆ ತಮ್ಮ ಇಲ್ಲ. ಸೈಕಲ್ಲಿಗೆ ಚೈನು ಇಲ್ಲ. ನನಗೆ ನಿದ್ದೆ ಇಲ್ಲ, ತಾತ ಗೊರಕೆ ಹೊಡೀತಾರೆ. ಅದಕ್ಕೆ ಯಾವ ಹೆಸರೂ ಬೇಕಿರಲಿಲ್ಲ. ಎಲ್ಲರೂ ಓಗ್ನೆನ್ ಕಡೆ ತಿರುಗಿ ನಕ್ಕರು. ಕೊನೆಗೆ ಒಂದು ಹಳದಿ ಚೀಟಿ: ನೇಮಾಮ್ ಕುತ್ಸು. ನನಗೆ ನಾಯಿಮರಿ ಇಲ್ಲ.

ಸ್ಮಿಲ್ಯಾ ತನ್ನ ಯಂತ್ರ ನೋಡಿದಳು. ಅವಳ ಕಿವಿ ಕೆಂಪಾಯಿತು. ಅದು ಲೆಂಕಾಳ ಟ್ಯಾಬ್ಲೆಟ್ ಎಂದು ನನಗೆ ಆ ಕಿವಿಗಳಿಂದಲೇ ತಿಳಿಯಿತು.

“ಈ ಚೀಟಿ ಎಲ್ಲಿಗೆ ಹೋಗಬೇಕು ಮಕ್ಕಳೇ? ಅಗತ್ಯವೋ, ಆಸೆಯೋ?”

“ಆಸೆ!” ಎಂದು ಮಕ್ಕಳು ಕೂಗಿದರು.

“ಈ ಆಸೆ ಸುಲಭ. ನಮ್ಮನೇಲಿ ಮೂರು ಬೊಗಳ್ತಿವೆ, ಯಾರು ಬೇಕಾದ್ರೂ ತಗೊಂಡು ಹೋಗಿ!” ಎಂದರು ಮುಖ್ಯೋಪಾಧ್ಯಾಯರು ಹಿಂದಿನಿಂದ.

ನಗುವಿನ ನಡುವೆ ಸ್ಮಿಲ್ಯಾ ಆ ಹಳದಿ ಚೀಟಿಯನ್ನು ಬೆರಳಿನಿಂದ ಎಳೆದು ಆಸೆಗಳ ಕಡೆಗೆ ಹಾಕಿದಳು. ಪಕ್ಕದಲ್ಲಿ ನಾಲಿಗೆ ಚಾಚಿದ ನಾಯಿಮರಿಯ ಚಿತ್ರವೊಂದನ್ನು ಅಂಟಿಸಿದಳು. ಲೆಂಕಾ ಪರದೆಯನ್ನೇ ನೋಡುತ್ತಿದ್ದಳು. ಆಮೇಲೆ ಟ್ಯಾಬ್ಲೆಟ್ಟನ್ನು ಬೆಂಚಿನ ಅಂಚಿಗೆ ಸರಿಯಾಗಿ ಹೊಂದಿಸಿ ಇಟ್ಟು ಕೈಕಟ್ಟಿ ಕೂತಳು.

ಪಾಠಕ್ಕೆ ಅತ್ಯುತ್ತಮವೆಂಬ ಮಾತು ಬಂತು. ಆಪ್ತಸಮಾಲೋಚಕಿ ಆ ಗೋಡೆಯ ವಿಳಾಸ ಕೇಳಿ ಬರೆದುಕೊಂಡರು. ಎಲ್ಲರೂ ಹೋದಮೇಲೆ ಸ್ಮಿಲ್ಯಾ ನನ್ನ ತೋಳು ಹಿಡಿದಳು. “ಬರೆದ್ಲು ಸರ್! ಎರಡು ತಿಂಗಳಿಂದ ಒಂದು ನಾಯಿಮರಿಗೋಸ್ಕರ ಮುನಿಸಿಕೊಂಡಿದಾಳೆ, ನಾನು ಏನೇನೋ ಯೋಚ್ನೆ ಮಾಡ್ಕೊಂಡಿದ್ದೆ.”

ಬಸ್ ಚಾಲಕ ಮಿಲಿಸಾವನ ನಾಯಿ ಆಗಷ್ಟೇ ಮರಿ ಹಾಕಿತ್ತು. ಎಪ್ರಿಲ್‌ನ ಒಂದು ಶನಿವಾರ ಸ್ಮಿಲ್ಯಾ ಒಂದು ಮರಿಯನ್ನು ಚೀಲದಲ್ಲಿಟ್ಟುಕೊಂಡು ನನ್ನ ಪಕ್ಕದ ಸೀಟಿನಲ್ಲಿ ಕೂತಳು.

“ಅದಕ್ಕೂ ಟಿಕೆಟ್ ಆಗುತ್ತೆ ಟೀಚರಮ್ಮ” ಎಂದ ಮಿಲಿಸಾವ್ ಕನ್ನಡಿಯಲ್ಲಿ ನೋಡುತ್ತ.

“ನೀನೇ ಅದರ ತಾತ, ನೀನೇ ಕಟ್ಟು.”

“ಗಂಡು ಮರಿ, ನೋಡ್ಕೋ. ವಿಯೆನ್ನಾಗೆ ಹೋಗಲ್ಲ ಅಂತ ಭಾಷೆ ತಗೊಂಡೇ ಕೊಟ್ಟಿರೋದು.”

ಬಸ್ಸೆಲ್ಲ ನಕ್ಕಿತು. ಮರಿ ಸ್ಮಿಲ್ಯಾಳ ಮಡಿಲಲ್ಲಿ ಉಚ್ಚೆ ಹೊಯ್ದಿತು. ಅವಳು ಅಷ್ಟು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಸೋಮವಾರ ತರಗತಿ ಬಿಟ್ಟಮೇಲೆ ಮರಿಯನ್ನು ಲೆಂಕಾಳ ಕೈಗೆ ಕೊಟ್ಟಳಂತೆ. ಹುಡುಗಿ ಮರಿಯನ್ನು ನೋಡಿದಳು, ಟೀಚರನ್ನು ನೋಡಿದಳು. ಮರಿ ಅವಳ ಕಂಕುಳಿಗೆ ಮೂತಿ ತೂರಿಸಿತು.

“ಇದು ಎಲ್ಲಿ ಮಲಗುತ್ತೆ ಟೀಚರ್?”

“ನಿಮ್ಮನೇಲಿ ಕಣೇ, ಇನ್ನೆಲ್ಲಿ? ಅಷ್ಟು ದೊಡ್ಡ ಮನೆ!”

ಲೆಂಕಾ ತಲೆಯಾಡಿಸಿದಳು. “ಥ್ಯಾಂಕ್ಸ್” ಎಂದಳು. ಎರಡು ತಿಂಗಳ ಮೌನದ ಮೇಲೆ ಒಂದು ಪ್ರಶ್ನೆ, ಒಂದು ಥ್ಯಾಂಕ್ಸ್. ಸ್ಮಿಲ್ಯಾ ಅವತ್ತೇ ರಾದೊಯ್ಕಾ ಮೇಡಂಗೆ ಫೋನ್ ಮಾಡಿ ಹೇಳಿದಳು. “ಆಯ್ತಮ್ಮ, ನಿನ್ನ ಬೋಳು ಅಕ್ಷರ ಗೆದ್ದಿತು” ಎಂದು ಮೇಡಂ ಒಪ್ಪಿಕೊಂಡರು.

ಈಸ್ಟರ್ ಕಳೆದು, ಮೇ ಮೊದಲ ವಾರದ ಗೆಯೋರ್ಗಿ ಹಬ್ಬ ಇನ್ನೂ ಬಂದಿರಲಿಲ್ಲ. ಒಂದು ಬೆಳಿಗ್ಗೆ ಪಾಠದ ನಡುವೆ ಬೋಗೊಸಾವ್ ಬಾಗಿಲಿಗೆ ಬಂದ. ಲೆಂಕಾ ಅಂದು ಬಂದಿರಲಿಲ್ಲ. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. ಕೋಟಿನ ಎದೆಯೊಳಗೆ ಏನೋ ಮಿಸುಕಾಡುತ್ತಿತ್ತು. ಮಕ್ಕಳಿಗೆ ಚಿತ್ರ ಬರೆಯಲು ಹೇಳಿ ಸ್ಮಿಲ್ಯಾ ಹೊರಗೆ ಬಂದಳು. ಅಲ್ಲಿ ನಡೆದದ್ದನ್ನು ಅವಳು ನನಗೆ ಒಂದಕ್ಕಿಂತ ಹೆಚ್ಚು ಸಲ ಹೇಳಿದ್ದಾಳೆ. ಪ್ರತಿ ಸಲವೂ ಒಂದು ಮಾತೂ ಬದಲಾಗಿಲ್ಲ.

“ಲೆಂಕಾದು ವರ್ಗಾವಣೆ ಪತ್ರ ಬೇಕಿತ್ತು ಟೀಚರ್.” ಅವನು ಕೋಟಿನಿಂದ ನಾಯಿಮರಿಯನ್ನು ತೆಗೆದು ಮೆಟ್ಟಿಲ ಮೇಲೆ ಇಳಿಸಿದ. “ಇದನ್ನ ವಾಪಸ್ ತಂದೆ. ನಾವು ಹೋಗೋ ಕಡೆ ನಾಯಿ ಬಿಡಲ್ಲ. ಉತ್ತರದ ಕಡೆ, ಒಂದು ಹಂದಿ ಫಾರ್ಮು. ಕೆಲಸದವರ ಸಾಲುಮನೇಲಿ ಒಂದು ರೂಮು ಕೊಡ್ತಾರೆ.”

“ಯಾಕೆ ಹೋಗ್ತೀರಿ? ಅತ್ತೆ ಮನೆ ಇದೆಯಲ್ಲ?”

“ಅತ್ತೆ ಮನೆ ಅತ್ತೇದಲ್ಲ, ಅವಳ ಮಗಂದು. ಅವನಿಗೆ ಮದುವೆ. ವಿಯೆನ್ನಾದಿಂದ ಬೀಗರು ಬರ್ತಾರೆ. ಗೆಯೋರ್ಗಿ ಹಬ್ಬಕ್ಕೆ ಮುಂಚೆ ಖಾಲಿ ಮಾಡ್ಬೇಕು ಅಂತ ಫೆಬ್ರವರೀಲೇ ಫೋನ್ ಮಾಡಿದ್ದ.”

“ಫೆಬ್ರವರೀಲಿ! ಯಾರಿಗೂ ಹೇಳಲಿಲ್ವಲ್ಲ ನೀವು?”

“ಏನಂತ ಹೇಳ್ಲಿ? ಗುಡ್ಡ ಮನೆ ತಿಂತು, ಮನೆಯವರೇ ಓಡಿಸಿದ್ರು ಅಂತ ಕಾಫಿ ಅಂಗಡೀಲಿ ಕೂತು ಹಾಡ್ಲಾ? ಮಗೂಗೂ ಹೇಳಿದ್ದೆ, ನಮ್ಮ ವಿಷಯ ಬಾಯಿ ಬಿಡಬೇಡ ಅಂತ.” ಅವನು ಟೋಪಿಯನ್ನು ತಿರುಗಿಸಿದ. “ಆದ್ರೂ ನಿಮಗೆ ಹೇಳಿದಾಳೆ. ಆ ಹಲಗೇಲಿ ಬರೆದಿದ್ಲಂತೆ, ನನಗೆ ಮನೆ ಇಲ್ಲ ಅಂತ. ಹೆಸರು ಬರಲ್ಲ ಅಂದಿದ್ರಂತಲ್ಲ ನೀವು. ನೀವು ಅದನ್ನ ಆಸೆ ಕಡೆ ಹಾಕಿದ್ರಂತೆ.”

ಸ್ಮಿಲ್ಯಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

“ಆಮೇಲೆ ನಾಯಿಮರಿ ಕೊಟ್ರಂತೆ. ಮನೆಗೂ ನಾಯಿಗೂ ಏನೇ ಸಂಬಂಧ ಅಂತ ಕೇಳ್ದೆ. ಗೊತ್ತಿಲ್ಲ ಅಪ್ಪ ಅಂದ್ಲು. ಟೀಚರ್ ಕೊಟ್ಟಿದ್ದನ್ನ ಬೇಡ ಅನ್ನೋದು ಹೇಗೆ ಅಂತ ಇಟ್ಕೊಂಡಿದ್ಲು.”

ಕುಚಾ ಎಂದರೆ ಮನೆ. ಕುತ್ಸಾ ಎಂದರೆ ನಾಯಿಮರಿ. ಕಾಗದದ ಮೇಲಾಗಿದ್ದರೆ ಲೆಂಕಾ ಸಿ ಅಕ್ಷರದ ನೆತ್ತಿಗೆ ಓರೆಯಾಗಿ ಒಂದು ಗೀಟು ಎಳೆದು ‘ಕುಚು’ ಎಂದೇ ಬರೆದಿರುತ್ತಿದ್ದಳು. ಅವಳು ಗೀಟು ಮರೆಯುವವಳಲ್ಲ. ಟ್ಯಾಬ್ಲೆಟ್‌ನಲ್ಲಿ ಗೀಟು ಇರಲಿಲ್ಲ; ‘ಕುಚು’ ಹೋಗಿ ‘ಕುತ್ಸು’ ಆಯಿತು. ಅರಮನೆಯಂಥ ಮನೆಯಲ್ಲಿರುವ ಹುಡುಗಿ ಮನೆಯಿಲ್ಲವೆಂದು ಬರೆದಾಳೆಂದು ಆ ಕೋಣೆಯಲ್ಲಿದ್ದ ಯಾರಿಗೂ ಹೊಳೆಯಲಿಲ್ಲ.

ಸ್ಮಿಲ್ಯಾ ಕೈಯೆತ್ತಿ ಮೇಲೆ ತೋರಿಸಿದಳು. ಬೋಗೊಸಾವ್ ತಲೆಯೆತ್ತಿ ಮಹಡಿ ನೋಡಿದ.

“ಎರಡು ರೂಮು ಖಾಲಿ ಇದೆ” ಎಂದಳು. “ಅಡುಗೆಮನೆ ಇದೆ. ಒಲೆ ಇದೆ. ಇವತ್ತೇ ಬನ್ನಿ. ಬೆಂಚುಗಳನ್ನ ನಾನೇ ಇಳಿಸ್ತೀನಿ.”

ಅವನು ಬಹಳ ಹೊತ್ತು ಮೇಲೆಯೇ ನೋಡಿದನಂತೆ, ಕಿಟಕಿಗಳನ್ನು ಒಂದೊಂದಾಗಿ.

“ಹಸು ಮಾರಿಬಿಟ್ಟೆ ಟೀಚರ್. ಇಲ್ಲಿನ ಸೌದೆ ಕಡಿಯೋ ಕೆಲಸ ಬೇರೆಯವನಿಗೆ ಬಿಟ್ಟುಕೊಟ್ಟೆ. ಅಲ್ಲಿಯವರಿಗೆ ಮಾತು ಕೊಟ್ಟಾಗಿದೆ.” ಟೋಪಿ ಹಾಕಿಕೊಳ್ಳುತ್ತ, “ಮಾರ್ಚಲ್ಲಾಗಿದ್ರೆ...” ಎಂದ.

ಅವಳು ಮುಖ್ಯೋಪಾಧ್ಯಾಯರಿಗೆ ಫೋನ್ ಮಾಡಿದಳು. ಕೋಣೆ ಕೊಡಲು ತಮ್ಮದೊಂದು ಸಹಿ ಸಾಕೆಂದು ಅವರೂ ಹೇಳಿದರು; ಖಾಲಿ ಬಿದ್ದಿರುವುದಕ್ಕಿಂತ ಯಾರಾದರೂ ಇರುವುದು ಒಳ್ಳೆಯದು, ಮೊದಲೇ ಕೇಳಬಾರದಿತ್ತೇ ಎಂದರು. ಆ ಮಾತನ್ನು ಹಿಡಿದುಕೊಂಡು ಅವಳು ಮತ್ತೆ ಬೋಗೊಸಾವನ ಮುಂದೆ ನಿಂತಳು. ಅವನು ಅವಳ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದು ಕುಲುಕಿದ, ಸಾವಿನ ಮನೆಯಲ್ಲಿ ಹಿಡಿಯುವ ಹಾಗೆ. ಪತ್ರವನ್ನು ಅವಳು ಸಿರಿಲಿಕ್‌ನಲ್ಲಿ, ಕೈಯಲ್ಲಿ ಬರೆದುಕೊಟ್ಟಳು. ಲೆಂಕಾ ವಿದಾಯ ಹೇಳಲು ಬರಲಿಲ್ಲ. ಟ್ರಕ್ಕಿನಲ್ಲಿ ಸಾಮಾನಿನ ಮೇಲೆ ಕೂತಿದ್ದಳು. ಸ್ಮಿಲ್ಯಾ ರಸ್ತೆಗೆ ಓಡಿದಾಗ ಟ್ರಕ್ಕು ಸಿಂಹಗಳನ್ನು ದಾಟಿ ಆಗಿತ್ತು. ಹಿಂದೆ ಓಡಿಹೋಗಿದ್ದ ನಾಯಿಮರಿ ಸ್ವಲ್ಪ ಹೊತ್ತಿನ ಮೇಲೆ ಒಂದೇ ತಿರುಗಿ ಬಂತು.

ಜೂನ್‌ನಲ್ಲಿ ತಲೆ ಎಣಿಸಿದರು. ಏಳು. ಬೀಗ ಹಾಕುವುದೆಂದು ತೀರ್ಮಾನವಾಯಿತು.

ಜುಲೈನಲ್ಲಿ ಟ್ಯಾಬ್ಲೆಟ್‌ಗಳನ್ನು ತರಲು ನಾನು ದ್ರೆನಾರಿಗೆ ಹೋದೆ. ಗುಪ್ತಪದ ಹಿಂದಿನ ವಾರವಷ್ಟೇ ಬಂದಿತ್ತು. ತಡವಾದದ್ದಕ್ಕೆ ಕ್ಷಮೆ ಕೋರಿದ ಒಂದು ಸಾಲೂ ಜೊತೆಗಿತ್ತು. ಸ್ಮಿಲ್ಯಾ ಮಹಡಿಯಲ್ಲಿದ್ದಳು. ಆ ಎರಡು ಕೋಣೆಗಳನ್ನು ಖಾಲಿ ಮಾಡಿ ಗುಡಿಸಿ ಸುಣ್ಣ ಬಳಿದಿದ್ದಳು. ಒಂದರಲ್ಲಿ ಸಣ್ಣ ಮಂಚ.

“ಇದೆಲ್ಲ ಈಗ ಯಾಕೆ?” ಎಂದೆ.

“ಗೊತ್ತಿಲ್ಲ ಸರ್. ಇಷ್ಟೇ ಕೆಲಸ ಇತ್ತು ನೋಡಿ. ಎರಡು ದಿನ ಹಿಡೀತು, ಅಷ್ಟೇ.”

ಡಬ್ಬಿಯಲ್ಲಿ ಜೋಡಿಸಿದ ಟ್ಯಾಬ್ಲೆಟ್‌ಗಳನ್ನು ನೋಡಿ, “ಗೀಟು ಹಾಕಿದ್ರಾ?” ಎಂದಳು.

“ಇನ್ನು ಯಾರಿಗಮ್ಮ?”

“ಹಾಕಿಬಿಡಿ ಸರ್.”

ಆ ಮಂಚದ ಅಂಚಿನಲ್ಲಿ ಕೂತು ಎಂಟಕ್ಕೂ ಹಾಕಿದೆ. ಅವಳು ಕಿಟಕಿಗೆ ಬೆನ್ನು ಕೊಟ್ಟು ನಿಂತು, ಒಂದೊಂದು ಮುಗಿದ ಹಾಗೆ ಕೈಗೆ ತೆಗೆದುಕೊಂಡು, ಏನೋ ಒತ್ತಿ ನೋಡಿ, ಡಬ್ಬಿಗಿಟ್ಟಳು.

ಕೆಲಸ ಹೋದದ್ದರಿಂದ ಪರವಾನಗಿ ಪರೀಕ್ಷೆಗೆ ಅವಳು ಕೂರಲಾಗಲಿಲ್ಲ. ಮುಂದಿನ ವರ್ಷ ಪಟ್ಟಣದ ಶಾಲೆಯಲ್ಲಿ ಆರು ತಿಂಗಳ ಬದಲಿ ಕೆಲಸವೊಂದು ಬಂದಿತ್ತು. ರಾದೊಯ್ಕಾ ಮೇಡಂ ತಾವೇ ಹ್ಯಾಟು ಹಾಕಿಕೊಂಡು ಅವಳ ಮನೆಗೆ ಹೋಗಿ ಕರೆದರು. ‘ಮಕ್ಕಳು ಬರೆದಿದ್ದನ್ನ ಓದೋಕೆ ಬರಲ್ಲ ಮೇಡಂ ನನಗೆ’ ಎಂದಳಂತೆ. ಮೇಡಂ ಅಲ್ಲಿ ಒಂದು ಕಾಫಿ ಕುಡಿದು ಎದ್ದುಬಂದರು. ಬೋಗೊಸಾವನ ಫೋನ್ ನಂಬರು ಬದಲಾಗಿದೆ. ಹಂದಿ ಫಾರ್ಮಿಗೆ ಅವಳು ಬರೆದ ಪತ್ರಕ್ಕೆ, ಆ ಹೆಸರಿನವರು ಕೆಲಸ ಬಿಟ್ಟು ಹೋಗಿದ್ದಾರೆಂದು ಉತ್ತರ ಬಂತು. ನಾಯಿ ಮಿಲಿಸಾವನ ಹತ್ತಿರ ಇದೆ, ಕರುವಿನಷ್ಟು ಬೆಳೆದಿದೆ. ಅದರ ಮಾತು ಬಂದರೆ ಅವನು ತಮಾಷೆ ಮಾಡುವುದಿಲ್ಲ.

ಸ್ಮಿಲ್ಯಾ ಈಗ ಬಸ್ ನಿಲ್ದಾಣದ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿದ್ದಾಳೆ. ಪರೀಕ್ಷೆ ಹತ್ತಿರ ಬಂದಾಗ ನನ್ನ ಪ್ರಶ್ನೆಪತ್ರಿಕೆಗಳನ್ನು ಅವಳೇ ಪ್ರತಿ ಮಾಡಿ ಇಡುತ್ತಾಳೆ. ಗಿರಾಕಿಗಳು ಫೋನಿನಲ್ಲಿ ಸಂದೇಶ ಕಳಿಸಿ ಕೆಲಸ ಹೇಳುವುದು ಅಲ್ಲಿನ ರೂಢಿ. ಎಲ್ಲರೂ ಬೋಳು ಅಕ್ಷರದಲ್ಲೇ ಕಳಿಸುತ್ತಾರೆ. ಅವಳು ಪ್ರತಿಯೊಬ್ಬರಿಗೂ ತಿರುಗಿ ಫೋನ್ ಮಾಡಿ ಬಾಯಲ್ಲಿ ಹೇಳಿಸಿಕೊಳ್ಳುತ್ತಾಳೆ. ಕೆಲವರು ರೇಗುತ್ತಾರೆ. ಅಂಗಡಿಯ ಮಾಲೀಕ ಎರಡು ಸಲ ಎಚ್ಚರಿಸಿದ್ದಾನೆ.

ಕಳೆದ ಮಂಗಳವಾರ ನನಗೆ ತಡವಾಯಿತು. ಬಸ್ಸಿನಿಂದಲೇ ಅವಳಿಗೆ ಒಂದು ಸಾಲು ಒತ್ತಿ ಕಳಿಸಿದೆ: ಪತ್ರಿಕೆ ನಾಳೆ ತಗೋತೀನಿ, ಮನೆಗೆ ಹೋಗ್ತಿದೀನಿ. ಚಲಿಸುವ ಬಸ್ಸಿನಲ್ಲಿ ಗೀಟು ಯಾರು ಹುಡುಕುತ್ತಾರೆ?

ತಕ್ಷಣ ಫೋನ್ ಬಂತು.

“ಸರ್, ಮನೆಗೆ ತಾನೆ?”

“ಹೌದಮ್ಮ, ಮನೆಗೇ.”

“ಮನೆಗೇ ಅಂತ ತಾನೆ ಬರೆದಿದ್ದು?”

“ಹೌದು. ಮನೆಗೆ.”

“ಸರಿ ಸರ್” ಎಂದಳು. ಆದರೂ ಫೋನ್ ಇಡಲಿಲ್ಲ. ಆಚೆ ಬದಿಯಲ್ಲಿ ಜೆರಾಕ್ಸ್ ಯಂತ್ರ ಓಡುತ್ತಿತ್ತು.